ಕಾಲ್ಗುಣ ಒಳ್ಳೆಯದಾಗಿದ್ದವಳು

ನಮ್ಮ ಮನೆಯಿಂದ ಯಾರೇ ದೂರದ ಕೆಲಸಕ್ಕೆ ಹೊರಟರೂ ನಾನು ತುಂಬಿದ ಚೊಂಬು ಹಿಡಿದು ಎದುರಿಗೆ ಬರಬೇಕಿತ್ತು. ಅಪ್ಪಯ್ಯ ಸೋಮವಾರಪೇಟೆಗೆ ಹೋಗಲಿ, ಪಕ್ಕದ ಮನೆಯವರು ಹೆಣ್ಣು ನೋಡಲು ಹೋಗಲಿ, ಇನ್ಯಾರೋ ಎತ್ತು ತರಲು ಹೋಗಲಿ, ಬೇಲಿಯ ತಡಮೆ ದಾಟುವ ಮುಂಚೆ ಅವರ ಕಣ್ಣಿಗೆ ಬೀಳಬೇಕಾದದ್ದು ನನ್ನ ಮುಖ. ಜ್ವರ ಬಂದು ಮಲಗಿದ್ದರೂ ಅವ್ವ ನನ್ನನ್ನು ಕಂಬಳಿ ಸಮೇತ ಎಬ್ಬಿಸಿ ತಂದು ನಿಲ್ಲಿಸುತ್ತಿದ್ದಳು. ಹೊರಟವರು ನನ್ನನ್ನು ನೋಡಿ ಒಂದು ನಗೆ ನಕ್ಕು ಮುಂದೆ ಹೋಗುತ್ತಿದ್ದರು. ನಾನು ಚೊಂಬಿನ ನೀರನ್ನು ತುಳಸಿಯ ಬುಡಕ್ಕೆ ಸುರಿದು ಒಳಗೆ ಬರುತ್ತಿದ್ದೆ.

ಅದೇ ಹೊತ್ತಿನಲ್ಲಿ ಹಿತ್ತಲಿನ ಸೌದೆ ಮನೆಯಲ್ಲಿ ಇನ್ನೊಬ್ಬಳು ಕೂತಿರುತ್ತಿದ್ದಳು. ಅವಳು ನನ್ನ ಚಿಕ್ಕಪ್ಪನ ಮಗಳು. ನನಗಿಂತ ಮೂರೇ ದಿನಕ್ಕೆ ದೊಡ್ಡವಳು, ಆದರೂ ಅಕ್ಕ ಎಂದೇ ಕರೆಯಬೇಕೆಂದು ಮನೆಯಲ್ಲಿ ಕಲಿಸಿದ್ದರು. ಹೊರಟವರು ಬೇಲಿ ದಾಟಿ ಮರೆಯಾದರು ಅಂತ ಅಜ್ಜಿ ಕೂಗಿ ಹೇಳಿದ ಮೇಲೆ ಅವಳು ಹೊರಗೆ ಬರಬಹುದಿತ್ತು. ಅವಳು ಅಲ್ಲಿ ಸುಮ್ಮನೆ ಕೂರುತ್ತಿರಲಿಲ್ಲ. ಇದ್ದಿಲಿನಲ್ಲಿ ಗೋಡೆಯ ಮೇಲೆ ಲೆಕ್ಕ ಮಾಡುತ್ತಿದ್ದಳು. ಸೌದೆ ಮನೆಯ ಒಳಗೋಡೆ ಪೂರ್ತಿ ಅವಳ ಭಾಗಾಕಾರ, ಗುಣಾಕಾರ.

ನಮ್ಮ ಊರು ಶನಿವಾರಸಂತೆಯಿಂದ ಒಂದು ಗಂಟೆಯ ನಡಿಗೆ. ಗದ್ದೆ, ಸ್ವಲ್ಪ ಏಲಕ್ಕಿ, ಮನೆಯ ಮೇಲುಗಡೆ ಕಾಡು. ನಾವಿಬ್ಬರೂ ಹುಟ್ಟಿದ್ದು ಭತ್ತ ಹಣ್ಣಾಗುವ ಕಾಲದಲ್ಲಿ. ಆಗ ಆನೆಗಳು ಗದ್ದೆಗೆ ಇಳಿಯುತ್ತವೆ. ಅಕ್ಕ ಹುಟ್ಟಿದ ದಿನ ಚಿಕ್ಕಪ್ಪ ಗದ್ದೆಯ ಅಟ್ಟಣೆಯಿಂದ ಇಳಿದು ಮಗು ನೋಡಲು ಮನೆಯ ಕಡೆ ಓಡಿ ಬರುವಾಗ ಹಿಂಡಿನ ನಡುವೆ ಸಿಕ್ಕಿಕೊಂಡು ತೀರಿಕೊಂಡರು. ಮೂರು ದಿನ ಬಿಟ್ಟು ನಾನು ಹುಟ್ಟಿದೆ. ಆ ಬೆಳಗಿನ ಜಾವ ಅದೇ ಹಿಂಡು ಮತ್ತೆ ಇಳಿದು ಊರಿನವರೆಲ್ಲರ ಪೈರು ತುಳಿದು ಹಾಕಿತು. ನಮ್ಮ ಗದ್ದೆಯಲ್ಲಿ ಮಾತ್ರ ಒಂದು ತೆನೆಯೂ ಬಾಗಿರಲಿಲ್ಲ.

ಅಷ್ಟೇ. ಅಜ್ಜಿಗೆ ಅಷ್ಟು ಸಾಕಾಯಿತು. ಅಕ್ಕನಿಗೆ ಅಪ್ಪನನ್ನು ತಿಂದುಕೊಂಡವಳು ಎಂಬ ಹೆಸರು ಬಂತು, ನನಗೆ ಮನೆ ಕಾಯ್ದವಳು ಎಂಬ ಹೆಸರು. ಒಂದೇ ತೊಟ್ಟಿಲಲ್ಲಿ ಸರದಿಯಂತೆ ಮಲಗಿದವರು ನಾವು. ಅವ್ವನಿಗೆ ಹಾಲು ಸಾಲದೆ ಚಿಕ್ಕವ್ವನೇ ನನಗೂ ಹಾಲು ಕೊಟ್ಟಿದ್ದಳಂತೆ. ಆದರೂ ಇಬ್ಬರ ಹಣೆಬರಹ ಬೇರೆ ಎಂಬುದರಲ್ಲಿ ಊರಿಗೆ ಸಂಶಯವೇ ಇರಲಿಲ್ಲ.

ಚಿಕ್ಕವಳಿದ್ದಾಗ ನನಗೆ ಇದು ಹಿತವಾಗಿಯೇ ಇತ್ತು. ಹೊಸ ಅಕ್ಕಿಯ ಮೊದಲ ತುತ್ತು ನನಗೆ. ಊರಿನ ಪ್ರತಿ ಮನೆಯ ಸಸಿಮಡಿಗೂ ಮೊದಲ ಹಿಡಿ ಬೀಜ ಎರಚುವುದು ನನ್ನ ಕೈ. ಕರು ಹಾಕಿದ ಹಸುವಿನ ಮುಂದೆ ನನ್ನನ್ನು ನಿಲ್ಲಿಸುತ್ತಿದ್ದರು. ಹೋದ ಕಡೆಯೆಲ್ಲ ಬೆಲ್ಲ, ಬಾಳೆಹಣ್ಣು ಸಿಗುತ್ತಿತ್ತು. ಅದರಲ್ಲಿ ಅರ್ಧವನ್ನು ಲಂಗದಲ್ಲಿ ಕಟ್ಟಿಕೊಂಡು ಬಂದು ಅಕ್ಕನಿಗೆ ಕೊಡುತ್ತಿದ್ದೆ. ಅವಳು ತಿನ್ನುತ್ತಿದ್ದಳು. ಒಮ್ಮೆಯೂ ಬೇಡ ಅನ್ನಲಿಲ್ಲ, ಒಮ್ಮೆಯೂ ಚೆನ್ನಾಗಿದೆ ಅನ್ನಲಿಲ್ಲ.

ನಮ್ಮ ಕೊಡಗು ತಾನೇ ಒಂದು ರಾಜ್ಯವಾಗಿ, ಮಡಿಕೇರಿಯಲ್ಲೇ ಮಂತ್ರಿಗಳಿದ್ದ ಆ ಕೆಲವು ವರ್ಷಗಳಲ್ಲಿ ನನ್ನ ಹೆಸರು ಊರು ದಾಟಿ ಹೋಯಿತು. ಚುನಾವಣೆ ಬಂದಿತ್ತು. ಒಬ್ಬ ಅಭ್ಯರ್ಥಿ ಜೀಪಿನಲ್ಲಿ ನಮ್ಮ ಮನೆಗೆ ಬಂದು, ಚಾಪೆಯ ಮೇಲೆ ಕೂತು, ನನ್ನ ಕೈಯಿಂದ ಹಣೆಗೆ ಕುಂಕುಮ ಇಡಿಸಿಕೊಂಡು ಮತ ಕೇಳಲು ಹೊರಟರು. ಅದು ಕಿವಿಗೆ ಬಿದ್ದದ್ದೇ ಅವರ ಎದುರಾಳಿಯೂ ಮರುದಿನ ಬಂದರು. ಅಪ್ಪಯ್ಯನಿಗೆ ಇಬ್ಬರೂ ಬೇಕಾದವರು. ಅವರಿಗೂ ನಾನೇ ಇಟ್ಟೆ. ಒಬ್ಬರು ಗೆದ್ದರು, ಒಬ್ಬರು ಸೋತರು. ಗೆದ್ದವರು ನನಗೆ ಒಂದು ರೇಷ್ಮೆ ಲಂಗ ಕಳಿಸಿದರು. ಸೋತವರ ಹಣೆಗೆ ಕುಂಕುಮ ಇಟ್ಟವಳೂ ನಾನೇ ಎಂಬುದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ನನಗೊಬ್ಬಳಿಗೆ ಉಳಿಯಿತು. ಅದೃಷ್ಟದ ಬಗ್ಗೆ ನನಗೆ ಮೊದಲ ಸಲ ಅನುಮಾನ ಬಂದದ್ದು ಆಗ, ಆ ರೇಷ್ಮೆ ಲಂಗ ಉಟ್ಟುಕೊಂಡು ನಿಂತಾಗ.

ಅದೇ ವರ್ಷ ನಾವಿಬ್ಬರೂ ಶನಿವಾರಸಂತೆಯ ಶಾಲೆ ಮುಗಿಸಿದೆವು. ಮೇಷ್ಟರು ಮನೆಗೆ ಬಂದು, ಇಬ್ಬರೂ ಚೆನ್ನಾಗಿ ಓದುತ್ತಾರೆ, ಮಡಿಕೇರಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ, ಹೈಸ್ಕೂಲಿಗೆ ಕಳಿಸಿ ಎಂದರು. ಅಕ್ಕನ ವಿಷಯದಲ್ಲಿ ಒಂದು ಮಾತೂ ಆಗಲಿಲ್ಲ. ಅವಳು ಕಣ್ಣಿಂದ ದೂರವಾದರೆ ಒಳ್ಳೆಯದೇ ಎಂದು ಅಜ್ಜಿ ಒಪ್ಪಿದಳು. ನನ್ನ ಹೆಸರು ಬಂದಾಗ ಅಜ್ಜಿ ಮೇಷ್ಟರನ್ನೇ ದಿಟ್ಟಿಸಿ ನೋಡಿದಳು.

"ದೀಪ ತೆಗ್ದು ಬೇರೆಯೋರ ಮನೇಲಿ ಇಡ್ತಾರಾ ಮೇಷ್ಟ್ರೇ?" ಎಂದಳು.

ನಾನು ಎರಡು ದಿನ ಊಟ ಬಿಟ್ಟೆ. ಮೂರನೇ ದಿನ ಅಪ್ಪಯ್ಯ ನನ್ನ ಪಕ್ಕ ಬಂದು ಕೂತರು. "ನೀನು ಹೋದ್ರೆ ಈ ಮನೇಲಿ ಏನೈತೆ ಮಗಾ? ನಂಗೆ ಹೊರಗೆ ಹೋಗೋಕೆ ಧೈರ್ಯ ಇರ್ತದಾ?" ಎಂದರು. ಅವರ ಕಣ್ಣಲ್ಲಿ ನಿಜವಾದ ಭಯವಿತ್ತು. ಬೈದಿದ್ದರೆ ನಾನು ಹಟ ಮಾಡುತ್ತಿದ್ದೆನೋ ಏನೋ. ಭಯ ನೋಡಿ ಎದ್ದು ಊಟ ಮಾಡಿದೆ. ಅಕ್ಕ ತಗಡಿನ ಪೆಟ್ಟಿಗೆ ಹಿಡಿದು ಬಸ್ಸಿಗೆ ಹೋದ ಬೆಳಿಗ್ಗೆ, ಅವಳಿಗೂ ನಾನೇ ಚೊಂಬು ಹಿಡಿದು ಎದುರು ಬಂದೆ. ಯಾರೂ ಹೇಳಿರಲಿಲ್ಲ. ಅವಳು ನಿಂತು, "ನೀರು ಭಾರ ಆಗಲ್ವಾ?" ಎಂದು ಕೇಳಿ ಹೋದಳು.

ಆಮೇಲಿನ ದಿನಗಳು ಒಂದೇ ಥರ ಇದ್ದವು. ನಾನು ಶನಿವಾರಸಂತೆಗೂ ಹೋಗುವಂತಿರಲಿಲ್ಲ. ನಾನಿಲ್ಲದ ಹೊತ್ತಿಗೆ ಯಾರಾದರೂ ಹೊರಡಬೇಕಾಗಿ ಬಂದರೆ? ನನಗೆ ಗಂಡು ಹುಡುಕುವ ಮಾತು ಬಂದಾಗಲೂ, ಮನೆಗೇ ಬಂದು ಇರುವ ಅಳಿಯನೇ ಆಗಬೇಕು ಎಂದು ಮೊದಲೇ ತೀರ್ಮಾನವಾಗಿತ್ತು. ನಾನು ಕಾಲು ಎಡವಿದರೆ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅತ್ತರೆ ಅಜ್ಜಿ ಬಾಗಿಲು ಮುಚ್ಚುತ್ತಿದ್ದಳು, ಯಾರ ಕಿವಿಗೂ ಬೀಳಬಾರದು ಎಂದು. ನನಗೆ ಅಳುವುದಕ್ಕೂ ಜಾಗವಿರಲಿಲ್ಲ ಎಂದರೆ ಈಗಿನವರು ನಗಬಹುದು. ನಿಜವಾಗಿಯೂ ಇರಲಿಲ್ಲ.

ಈ ಕಾಲ್ಗುಣವನ್ನು ಕಳೆದುಕೊಳ್ಳಲು ಒಂದು ಸಲ ಪ್ರಯತ್ನಪಟ್ಟೆ. ಅಕ್ಕ ಬೇಸಿಗೆ ರಜೆಗೆ ಬಂದಿದ್ದಳು. ಮಳೆಗೆ ಮುಂಚೆ ನಮ್ಮ ಸಸಿಮಡಿಗೆ ಬೀಜ ಹಾಕುವ ದಿನ, ಅಪ್ಪಯ್ಯ ಗದ್ದೆಯ ಆಚೆ ನೀರು ತಿರುಗಿಸಲು ಹೋಗಿದ್ದಾಗ, ಸೆರಗಿನಲ್ಲಿದ್ದ ಮೊಳಕೆ ಬೀಜವನ್ನು ಅಕ್ಕನ ಮುಂದೆ ಹಿಡಿದೆ.

"ನೀನು ಹಾಕು," ಎಂದೆ.

"ಹುಚ್ಚಾ ನಿಂಗೆ? ಬೆಳೆ ಹೋದ್ರೆ ನನ್ನ ಕೊಂದ್ಹಾಕ್ತಾರೆ."

"ಹೋಗ್ಲಿ. ನಾನೇ ಹಾಕಿದ್ದು ಅಂತೀನಿ. ಆಮೇಲೆ ನನ್ನ ಯಾರೂ ಕರಿಯಲ್ಲ."

ಅವಳು ಒಂದು ಹಿಡಿ ತೆಗೆದುಕೊಂಡು, ಕೆಸರಿಗೆ ಇಳಿದು, ಎಷ್ಟು ಹದವಾಗಿ ಎರಚಿದಳೆಂದರೆ ಒಂದು ಕಾಳೂ ಇನ್ನೊಂದರ ಮೇಲೆ ಬೀಳಲಿಲ್ಲ. ಜೀವನದಲ್ಲಿ ಅವಳು ಬೀಜ ಮುಟ್ಟಿದ್ದು ಅದೇ ಮೊದಲು.

ಆ ವರ್ಷ ನಮ್ಮ ಗದ್ದೆಯಲ್ಲಿ ಹಿಂದೆಂದೂ ಬಾರದಷ್ಟು ಭತ್ತ ಬಂತು. ಕಣ ತುಂಬಿದ ದಿನ ನಾನು ಎಲ್ಲರ ಎದುರಿಗೆ ನಿಜ ಹೇಳಿದೆ. ಮೊದಲ ಹಿಡಿ ಅಕ್ಕನದು, ನನ್ನದಲ್ಲ ಎಂದೆ. ಅಜ್ಜಿ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದಳು.

"ಬೀಜ ಯಾರ ಸೆರಗಲ್ಲಿತ್ತು?"

"ನಂದ್ರಲ್ಲಿ."

"ಮತ್ತೆ? ಅಂಥವಳ ಕೈಯಿಂದ ಬಿದ್ರೂ ಮೊಳೀತು ಅಂದ್ರೆ ನಿನ್ನ ಗುಣ ಎಂಥದ್ದು ನೋಡು."

ಎಲ್ಲರೂ ತಲೆಯಾಡಿಸಿದರು. ಮರುವರ್ಷ ಇನ್ನೂ ನಾಲ್ಕು ಮನೆಯವರು ಬೀಜ ಎರಚಲು ಕರೆದರು.

ಇದನ್ನು ನೆನೆದು ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಮುಂದೆ ನಡೆದದ್ದನ್ನು ನೆನೆದು ನಗಲು ಆಗುವುದಿಲ್ಲ.

ಅಕ್ಕನ ಹೈಸ್ಕೂಲಿನ ಕೊನೆಯ ರಜೆ. ನಮ್ಮ ಮೇಲಿನ ಮನೆಯ ಸೊಸೆಗೆ ಹಿಂದಿನ ಸಂಜೆಯೇ ನೋವು ಶುರುವಾಗಿತ್ತು. ಚೊಚ್ಚಲ. ಬೆಳಿಗ್ಗೆ ಅವಳ ಅತ್ತೆ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ನನ್ನ ಕೆಲಸ ಏನೂ ಇಲ್ಲ, ಅವಳ ತಲೆಯ ಹತ್ತಿರ ಕೂತಿರಬೇಕು, ಅಷ್ಟೇ. ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ನನ್ನ ಮಣಿಕಟ್ಟು ಹಿಡಿದುಕೊಂಡೇ ಇದ್ದಳು. ಬೆಳಿಗ್ಗೆ ಕಳೆಯಿತು. ಊಟದ ಹೊತ್ತಾಯಿತು. ಸೂಲಗಿತ್ತಿ ಮಾತು ಕಡಿಮೆ ಮಾಡಿದಳು.

ಆಗ ಅಕ್ಕ ಬಂದು ಬಾಗಿಲ ಹೊರಗೇ ನಿಂತಳು. ಅವಳನ್ನು ಯಾರೂ ಕರೆದಿರಲಿಲ್ಲ. "ಇಷ್ಟು ಹೊತ್ತು ಆಗ್ಬಾರ್ದು. ಗಾಡಿ ಕಟ್ಟಿ. ಶನಿವಾರಸಂತೆಗೆ ಕರ್ಕೊಂಡು ಹೋಗಿ, ಡಾಕ್ಟ್ರಿದ್ದಾರೆ," ಎಂದಳು.

"ಇವಳು ಪಕ್ಕದಲ್ಲಿ ಕೂತಿರೋವಾಗ ಡಾಕ್ಟ್ರು ಯಾಕೆ?" ಎಂದಳು ಆ ಮನೆಯ ಅತ್ತೆ ನನ್ನನ್ನು ತೋರಿಸಿ. "ನೀನು ಮೊದ್ಲು ಬಾಗ್ಲು ಬಿಡು."

ಅಕ್ಕ ನನ್ನನ್ನು ನೋಡಿದಳು. ಅತ್ತೆಯೂ ನನ್ನನ್ನು ನೋಡಿದಳು. ಗಾಡಿ ಕಟ್ಟಿ ಎಂದು ನಾನು ಒಂದು ಮಾತು ಹೇಳಿದ್ದರೆ ಕಟ್ಟುತ್ತಿದ್ದರು. ನನ್ನ ಮಾತಿಗೆ ಆ ಊರಿನಲ್ಲಿ ಅಷ್ಟು ಬೆಲೆಯಿತ್ತು. ನಾನು ತುಟಿ ಬಿಚ್ಚಲಿಲ್ಲ. ಯಾಕೆ ಎಂದು ಈಗ ಹೇಳಬಲ್ಲೆ. ನಾನಿರುವುದರಿಂದ ಎಲ್ಲ ಸರಿಯಾಗುತ್ತದೆ ಎಂದು ಆ ಗಳಿಗೆಯಲ್ಲಿ ನಾನೂ ನಂಬಿದ್ದೆ. ಅದಕ್ಕಿಂತ ಹೆಚ್ಚಾಗಿ, ಗಾಡಿ ಕಟ್ಟಿ ಎಂದರೆ ನನ್ನಿಂದ ಆಗುವುದಿಲ್ಲ ಎಂದು ನಾನೇ ಒಪ್ಪಿದಂತೆ ಆಗುತ್ತಿತ್ತು. ಬೇಡ ಬೇಡ ಎನ್ನುತ್ತಿದ್ದ ಆ ಗುಣವನ್ನು ಬಿಟ್ಟುಕೊಡುವ ಸಮಯ ಬಂದಾಗ ಬಿಗಿಯಾಗಿ ಹಿಡಿದುಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಮಗು ಹುಟ್ಟಿತು. ಗಂಡು. ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದಳು, ಕಾಲು ಹಿಡಿದು ಎತ್ತಿದಳು, ಆಮೇಲೆ ಬಟ್ಟೆ ಮುಚ್ಚಿದಳು. ತಾಯಿ ಉಳಿದಳು.

ನನ್ನ ಮೇಲೆ ಬೆರಳು ತೋರಿಸುತ್ತಾರೆ ಎಂದು ಕಾದೆ. ಯಾರೂ ತೋರಿಸಲಿಲ್ಲ. "ಅವಳು ಬಂದು ಬಾಗಿಲಲ್ಲಿ ಅಪಶಕುನ ನುಡಿದ್ಲು, ಹೊತ್ತೇ ಕೆಟ್ಟೋಯ್ತು," ಎಂದಳು ಅತ್ತೆ. ಅಲ್ಲಿದ್ದ ಹೆಂಗಸರೆಲ್ಲ ಹೌದು ಎಂದರು. ಸಂಜೆಗೆ ಊರೆಲ್ಲ ಅದೇ ಮಾತು. ಅಜ್ಜಿ ಅಕ್ಕನನ್ನು ಮರುದಿನದ ಬಸ್ಸಿಗೇ ಕಳಿಸಿಬಿಟ್ಟಳು, ರಜೆ ಇನ್ನೂ ಎರಡು ವಾರ ಇತ್ತು. ನಾನು ಆಗಲೂ ಸುಮ್ಮನಿದ್ದೆ. ಸೋತರೂ ನನಗೆ ಸೋಲಿಲ್ಲ ಎಂದು ಆ ದಿನ ಗೊತ್ತಾಯಿತು. ಇದರಿಂದ ಹೊರಗೆ ಬರಲು ದಾರಿಯೇ ಇಲ್ಲ ಎಂದೂ.

ಅಕ್ಕ ಹೋದ ಮೇಲೆ ಚಿಕ್ಕವ್ವನ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದೆ. ಚಿಕ್ಕವ್ವ ಮಾತು ಕಡಿಮೆಯವಳು. ಆವತ್ತು ಮೊರದಿಂದ ಕಣ್ಣೆತ್ತದೆ ಹೇಳಿದಳು.

"ನೀನು ಹುಟ್ಟಿದ ದಿನ ಆನೆ ಯಾಕೆ ನಮ್ಮ ಗದ್ದೆಗೆ ಇಳೀಲಿಲ್ಲ ಗೊತ್ತೇನವ್ವ?"

ನಾನು ಅಕ್ಕಿ ಆರಿಸುವುದನ್ನು ನಿಲ್ಲಿಸಿದೆ.

"ನಿಮ್ಮ ಚಿಕ್ಕಪ್ಪನ್ನ ಮಣ್ಣು ಮಾಡಿದ್ದು ನಮ್ಮ ಗದ್ದೆ ಬದೀಲೇ. ಮೂರು ದಿನ ಅಲ್ಲಿ ಬೆಂಕಿ ಆರಿರ್ಲಿಲ್ಲ. ಸುತ್ತಲ ಊರಿನೋರು ಬಂದು ಕೂತು ಭಜನೆ ಮಾಡ್ತಿದ್ರು. ಬೆಂಕಿ, ತಾಳ, ಜನ. ಅಲ್ಲಿಗೆ ಯಾವ ಆನೆ ಬತ್ತದೆ?" ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. "ಗದ್ದೆ ಉಳಿಸಿದ್ದು ಅವ್ರ ಸಾವು. ಹೆಸ್ರು ನಿಂಗೆ ಬಂತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಚಿಕ್ಕವ್ವ?"

"ಹೇಳ್ದೆ. ಆಗ್ಲೇ ಹೇಳ್ದೆ, ಬಾಣಂತಿ ಮಂಚದ ಮೇಲಿಂದಲೇ. ನಿಮ್ಮಜ್ಜಿ ಮಗನ್ನ ಕಳ್ಕೊಂಡಿದ್ರು. ಅವ್ರಿಗೆ ಏನಾರ ಒಂದು ಒಳ್ಳೇದು ಬೇಕಿತ್ತು. ನೀನು ಸಿಕ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಕ್ಕ ಹೈಸ್ಕೂಲು ಮುಗಿಸಿ ಮಡಿಕೇರಿಯಲ್ಲೇ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯಲು ಸೇರಿದಳು. ಊರಿಗೆ ಬರುವುದನ್ನು ಬಿಟ್ಟಳು. ಕೊಡಗು ಮೈಸೂರಿಗೆ ಸೇರುತ್ತದೆ ಎಂಬ ಮಾತು ಎಲ್ಲ ಕಡೆ ನಡೆಯುತ್ತಿದ್ದ ಕಾಲ. ಆಫೀಸುಗಳು ಅದಲುಬದಲಾಗುವ ಮುಂಚೆ ಒಂದು ಜಮೀನಿನ ಕಾಗದ ಸರಿಮಾಡಿಸಿಕೊಳ್ಳಬೇಕೆಂದು ಅಪ್ಪಯ್ಯ ಮಡಿಕೇರಿಗೆ ಹೊರಟರು. ಕೆಲಸ ಕಷ್ಟದ್ದು, ಅದಕ್ಕೇ ನನ್ನನ್ನೂ ಜೊತೆಗೆ ಕರೆದುಕೊಂಡರು. ನನ್ನ ಮೊದಲ ದೂರದ ಪ್ರಯಾಣವೂ ಅವರ ಶಕುನಕ್ಕಾಗಿಯೇ ಆಯಿತು.

ಕೋಟೆಯ ಕಚೇರಿಯ ಬಾಗಿಲ ತನಕ ನಾನು ಮುಂದೆ ನಡೆದೆ. ಸಾಹೇಬರು ಮಧ್ಯಾಹ್ನದ ಮೇಲೆ ಬರುತ್ತಾರೆ ಎಂದರು. ಅಪ್ಪಯ್ಯ ಅಲ್ಲೇ ಬೆಂಚಿನ ಮೇಲೆ ಕೂತರು, ನನ್ನನ್ನು ಅಕ್ಕನ ಹಾಸ್ಟೆಲಿಗೆ ಕಳಿಸಿಕೊಟ್ಟರು. ಅಕ್ಕ ಬಿಳಿ ಸೀರೆ ಉಟ್ಟಿದ್ದಳು. ಕೈಯಿಂದ ಫಿನಾಯಿಲ್ ವಾಸನೆ ಬರುತ್ತಿತ್ತು. ತನ್ನ ಪಾಲಿನ ಅನ್ನ, ಸಾರನ್ನು ನನ್ನ ಜೊತೆ ಹಂಚಿಕೊಂಡಳು. ಊಟದ ನಡುವೆ ನಾನು ಹೇಳಿದೆ.

"ಅವತ್ತು ಗಾಡಿ ಕಟ್ಟಿ ಅಂತ ನಾನು ಹೇಳ್ಬೇಕಿತ್ತು."

"ಹೌದು. ಹೇಳ್ಬೇಕಿತ್ತು," ಎಂದಳು.

ಹೋಗಲಿ ಬಿಡು ಎನ್ನಲಿಲ್ಲ. ನಾನು ಅತ್ತೆ. ಅಲ್ಲಿ ಯಾರೂ ಬಾಗಿಲು ಮುಚ್ಚಲಿಲ್ಲ. ಪಕ್ಕದ ಮೇಜಿನ ಹುಡುಗಿಯರು ಒಮ್ಮೆ ತಿರುಗಿ ನೋಡಿ ಮತ್ತೆ ಊಟ ಮಾಡಿದರು.

"ನೀನೇ ಅದೃಷ್ಟವಂತೆ ಅಕ್ಕ. ನಿನ್ನ ಯಾರೂ ಕಟ್ಟಿ ಹಾಕ್ಲಿಲ್ಲ," ಎಂದೆ.

ಅವಳು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. "ಹಂಗನ್ಬೇಡ. ಆರು ವರ್ಷದೋಳು ಸೌದೆ ಮನೇಲಿ ಕೂತು, ಅಪ್ಪನ್ನ ನಾನೇ ಕೊಂದೆ ಅಂತ ಅಂದ್ಕೊಂಡು ಬೆಳ್ದಿದೀನಿ. ಅದನ್ನ ಅದೃಷ್ಟ ಅನ್ಬೇಡ. ನಿಂದೂ ಅಲ್ಲ, ನಂದೂ ಅಲ್ಲ."

ಮತ್ತೆ ತುತ್ತು ಎತ್ತಿಕೊಂಡು ಅವಳೇ ಕೇಳಿದಳು. "ಇಲ್ಲೇ ಇರ್ತೀಯಾ? ಮೇಟ್ರನ್ ಅವ್ರನ್ನ ಕೇಳ್ತೀನಿ. ವಾರ್ಡಿನಲ್ಲಿ ಸಹಾಯಕ್ಕೆ ಹುಡುಗೀರು ಬೇಕು ಅಂತಿದ್ರು. ದೊಡ್ಡಪ್ಪನ ಹತ್ರ ನಾನೇ ಮಾತಾಡ್ತೀನಿ."

ಎಷ್ಟೋ ವರ್ಷ ನಾನು ಕಾದಿದ್ದ ಮಾತು ಅದು. ಬಾಯಿ ತನಕ ಹೂಂ ಎಂಬುದು ಬಂದಿತ್ತು. ಅಷ್ಟರಲ್ಲಿ ಕೋಟೆಯ ಬೆಂಚಿನ ಮೇಲೆ ಕೂತಿದ್ದ ಅಪ್ಪಯ್ಯ ಕಣ್ಣ ಮುಂದೆ ಬಂದರು. ಸಂಜೆ ಅವರು ಒಬ್ಬರೇ ಬಸ್ಸು ಹತ್ತಿದರೆ? ಆ ಘಾಟಿಯ ತಿರುವುಗಳಲ್ಲಿ ಏನಾದರೂ ಆದರೆ? ಚಿಕ್ಕವ್ವ ಹೇಳಿದ ಬೆಂಕಿಯ ಕಥೆ ನನಗೆ ಬಾಯಿಪಾಠವಾಗಿತ್ತು. ಸೋತ ಅಭ್ಯರ್ಥಿಯ ಹಣೆ ನೆನಪಿತ್ತು. ಮೇಲಿನ ಮನೆಯ ಮಗುವನ್ನು ಕಣ್ಣಾರೆ ನೋಡಿದ್ದೆ. ಇದೆಲ್ಲ ಗೊತ್ತಿದ್ದೂ, ನಾನಿಲ್ಲದೆ ಹೋದರೆ ಅಪ್ಪಯ್ಯ ಸಾಯುತ್ತಾರೆ ಎಂದು ನನ್ನ ಹೊಟ್ಟೆಯೊಳಗೆ ಯಾರೋ ಹೇಳುತ್ತಿದ್ದರು. ಆ ದನಿ ಅಜ್ಜಿಯದಲ್ಲ, ನನ್ನದೇ.

"ಇಲ್ಲ ಅಕ್ಕ. ಆಗಲ್ಲ," ಎಂದೆ.

ಅವಳು ಒತ್ತಾಯ ಮಾಡಲಿಲ್ಲ. ತಟ್ಟೆ ತೊಳೆದಳು. ಸಂಜೆಯ ಬಸ್ಸಿಗೆ ನಮ್ಮಿಬ್ಬರನ್ನೂ ಹತ್ತಿಸಲು ಬಂದಳು. ಅಪ್ಪಯ್ಯನ ಕಾಗದದ ಕೆಲಸ ಆಗಿರಲಿಲ್ಲ, ಸಾಹೇಬರು ಬಂದೇ ಇರಲಿಲ್ಲ. "ನೀನು ಜೊತೇಲಿ ಇದ್ದಿದ್ದಕ್ಕೆ ಇಷ್ಟಾದ್ರೂ ಆಯ್ತು ಬಿಡು," ಎಂದರು ಅಪ್ಪಯ್ಯ. ಏನಾಯಿತು ಎಂದು ನಾನು ಕೇಳಲಿಲ್ಲ.

ಮರುವರ್ಷ ನನ್ನ ಮದುವೆಯಾಯಿತು, ಗಂಡ ನಮ್ಮ ಮನೆಗೇ ಬಂದರು. ಒಳ್ಳೆಯ ಮನುಷ್ಯ. ಅವರೂ ಪ್ರತಿ ಬೆಳಿಗ್ಗೆ ನನ್ನ ಮುಖ ನೋಡಿಯೇ ಗದ್ದೆಗೆ ಇಳಿಯುತ್ತಿದ್ದರು. ಮಕ್ಕಳಾಗಲಿಲ್ಲ. ಅದನ್ನೂ ಊರು ನನ್ನ ಲೆಕ್ಕಕ್ಕೆ ಹಾಕಲಿಲ್ಲ, ಅವರ ಜಾತಕಕ್ಕೆ ಹಾಕಿತು. ಅಜ್ಜಿ ಹೋದಳು, ಅಪ್ಪಯ್ಯ ಹೋದರು, ಅವ್ವನೂ ಹೋದಳು, ಮೂವರೂ ವಯಸ್ಸಾಗಿ, ಮನೆಯಲ್ಲೇ, ನನ್ನ ಕಣ್ಣೆದುರೇ. ಹದಿನಾರು ವರ್ಷ ಸಂಸಾರ ಮಾಡಿದ ಮೇಲೆ ಒಂದು ಮಳೆಗಾಲ ನನ್ನ ಗಂಡ ವಿಷಮಶೀತ ಜ್ವರ ಬಂದು ತೀರಿಕೊಂಡರು.

ಆ ವಾರದಿಂದಲೇ ನನ್ನನ್ನು ಯಾರೂ ಯಾವುದಕ್ಕೂ ಕರೆಯಲಿಲ್ಲ. ಊರು ಮಾತಾಡಿಕೊಂಡು ತೀರ್ಮಾನಿಸಿದ್ದಲ್ಲ, ಹಾಗೇ ನಿಂತುಹೋಯಿತು. ಮದುವೆಗೆ ಹೊರಟವರು ನನ್ನನ್ನು ಕಂಡರೆ ಒಂದು ಕ್ಷಣ ನಿಂತು, ಚಪ್ಪಲಿ ಸರಿಮಾಡಿಕೊಳ್ಳುವ ನೆಪ ಮಾಡಿ, ನಾನು ಹೋದ ಮೇಲೆ ನಡೆಯುತ್ತಿದ್ದರು. ಗಂಡನಿಗಾಗಿ ಅತ್ತೆ, ಬಹಳ ಅತ್ತೆ. ಆ ದುಃಖದ ಅಡಿಯಲ್ಲಿ ಎಲ್ಲೋ, ಭಾರ ಇಳಿಸಿದವರಿಗೆ ಆಗುವಂಥ ಸಣ್ಣ ಹಗುರ ಇತ್ತು ಎಂದು ಬರೆಯಲು ನನಗೆ ಈಗಲೂ ನಾಚಿಕೆ. ಆದರೆ ಇತ್ತು.

ಅಕ್ಕ ಆಗ ದಕ್ಷಿಣ ಕೊಡಗಿನಲ್ಲಿ, ಬಾಳೆಲೆ ಎಂಬ ಊರಿನ ಕಡೆ ನರ್ಸ್ ಆಗಿದ್ದಳು. ಚಿಕ್ಕವ್ವನನ್ನೂ ತನ್ನ ಹತ್ತಿರ ಇಟ್ಟುಕೊಂಡಿದ್ದಳು. ಕಾಗದ ಬರೆದಳು, ನಾನು ಒಂದು ತಿಂಗಳು ಇದ್ದು ಬರೋಣ ಎಂದು ಹೋದೆ. ಹೊರಡುವಾಗ ಯಾರೂ ಎದುರು ಬರಲಿಲ್ಲ, ಬಸ್ಸು ಸರಿಯಾಗಿಯೇ ಮುಟ್ಟಿಸಿತು. ದಿನಾ ಬೆಳಿಗ್ಗೆ ಅವಳ ಚರ್ಮದ ಚೀಲ ಹಿಡಿದು ಅವಳ ಹಿಂದೆ ಕಾಫಿ ತೋಟಗಳ ಲೈನುಗಳಿಗೆ, ಕೂಲಿಯವರ ಸಾಲುಮನೆಗಳಿಗೆ ಹೋಗುತ್ತಿದ್ದೆ. ಒಂದು ಮನೆಯಲ್ಲಿ ಬಸುರಿಯ ತಾಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತಮಿಳು ಬೆರೆಸಿದ ಕನ್ನಡದಲ್ಲಿ, "ಇವರು ಯಾರು ಸಿಸ್ಟರ್?" ಎಂದಳು.

"ನನ್ನ ತಂಗಿ," ಎಂದಳು ಅಕ್ಕ. "ಕೆಲಸ ಬರಲ್ಲ. ನೀರು ಕಾಯ್ಸೋದು ಬರ್ತದೆ."

ಆ ಹೆಂಗಸು ನನ್ನ ಕೈಗೆ ಪಾತ್ರೆ ಕೊಟ್ಟು ಒಲೆ ತೋರಿಸಿದಳು. ಹಸಿ ಸೌದೆ, ಹೊಗೆ ಜಾಸ್ತಿ. ಊದುಕೊಳವೆಯಿಂದ ಊದುತ್ತಾ ಕೂತೆ. ಒಳಗೆ ಅಕ್ಕ ಆ ಹುಡುಗಿಗೆ ಏನೋ ಹೇಳಿ ನಗಿಸುತ್ತಿದ್ದಳು. ಆ ಒಂದು ತಿಂಗಳು ಮುಗಿದ ಮೇಲೂ ನಾನು ಊರಿಗೆ ಹಿಂತಿರುಗಲಿಲ್ಲ.